ಲಾಂಟಾನಕ್ಕೆ ಪಿಕಾಸಿಯೋ, ಯಂತ್ರವೋ: ಸೊಪ್ಪಿನ ಬೆಟ್ಟದಲ್ಲಿ ಮೂರು ವರ್ಷ

28,500 ರೂಪಾಯಿ ಕೊಟ್ಟು ತಂದ ಕಳೆ ಕೊಚ್ಚುವ ಯಂತ್ರಕ್ಕಿಂತ, ಅಜ್ಜನ ಕಾಲದಿಂದ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಪಿಕಾಸಿಯೇ ಲಾಂಟಾನವೆಂಬ ಮುಳ್ಳುಪೊದೆ ತೆಗೆಯಲು ಮೇಲು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸನಗರ ತಾಲ್ಲೂಕಿನ ನಮ್ಮ ಅಡಿಕೆ ತೋಟದ ಮೇಲ್ಬದಿಗೆ ಒಂದೂವರೆ ಎಕರೆಯಷ್ಟು ಸೊಪ್ಪಿನ ಬೆಟ್ಟವಿದೆ. ತೋಟಕ್ಕೆ ಹಾಕುವ ಸೊಪ್ಪು, ಕೊಟ್ಟಿಗೆಗೆ ಹಾಸುವ ದರಗು (ಒಣ ಎಲೆ) ಎರಡೂ ಅಲ್ಲಿಂದಲೇ ಬರಬೇಕು. ಹತ್ತು ವರ್ಷದ ಕೆಳಗೆ ದಣಪೆಯ (ಬೇಲಿ ದಾಟುವ ಗೇಟಿನ) ಪಕ್ಕ ನಾಲ್ಕೈದು ಬುಡ ಮಾತ್ರ ಇದ್ದ ಲಾಂಟಾನವು ಮತ್ತಿ, ಹೊನ್ನೆ, ನೆಲ್ಲಿ ಮರಗಳ ಅಡಿಗೆಲ್ಲ ಹಬ್ಬಿ, ಸೊಪ್ಪಿಗೆ ಹೋದವರು ಮರದ ಬುಡ ಮುಟ್ಟಲಾರದಂತೆ ಮಾಡಿತ್ತು. ಹೂವಿನ ಚೆಂದಕ್ಕೆಂದು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ ಗಿಡವಂತೆ. ಆ ಚೆಂದದ ಬೆಲೆಯನ್ನು ನಾವೀಗ ತೆರುತ್ತಿದ್ದೇವೆ.

ಯಂತ್ರ ಕೊಂಡದ್ದು ಒಂದು ಏಪ್ರಿಲಿನಲ್ಲಿ. ಆಳು ಸಿಗದ ಕಾಲ, ಎರಡು ದಿನದಲ್ಲಿ ಎಕರೆ ಬಯಲಾಗುತ್ತದೆಂದು ಅಂಗಡಿಯವರು ಹೇಳಿದ್ದರು, ಅದು ಸುಳ್ಳೂ ಅಲ್ಲ. ಮೂರು ದಿನದಲ್ಲಿ ಬೆಟ್ಟವೆಲ್ಲ ಅಂಗಳದಂತೆ ಕಂಡಿತು. ಲಾಂಟಾನದ ಕೋಲುಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಬುಡ ಕತ್ತರಿಸಿದರೂ ಪೊದೆ ನೆಲಕ್ಕೆ ಬೀಳದೆ ಪಕ್ಕದ್ದಕ್ಕೆ ಜೋತುಬಿದ್ದು, ಹತ್ತು ನಿಮಿಷಕ್ಕೊಮ್ಮೆ ಎಂಜಿನ್ ಆರಿಸಿ ಮುಳ್ಳು ಬಿಡಿಸಬೇಕಾಯಿತು ಎನ್ನುವುದನ್ನು ನಾನು ದೊಡ್ಡ ತೊಂದರೆಯೆಂದು ಎಣಿಸಲಿಲ್ಲ. ನಿಜವಾದ ತೊಂದರೆ ನೆಲದ ಮಟ್ಟದಲ್ಲಿ ಉಳಿದುಕೊಂಡಿತ್ತು.

ಯಂತ್ರದ ಅಲಗು ನೆಲಕ್ಕೆ ತಾಗುವಂತಿಲ್ಲ. ನಮ್ಮದು ಜಂಬಿಟ್ಟಿಗೆ ಕಲ್ಲಿನ ನೆಲ, ತಾಗಿದರೆ ಹಲ್ಲು ಹೋಗುತ್ತದೆ. ಹಾಗಾಗಿ ಎಷ್ಟೇ ಬಗ್ಗಿಸಿ ಹಿಡಿದರೂ ನಾಲ್ಕು ಬೆರಳೆತ್ತರದ ಕೂಳೆ ಉಳಿಯುತ್ತದೆ. ಲಾಂಟಾನಕ್ಕೆ ಬೇಕಾದದ್ದೂ ಅಷ್ಟೇ. ಕಾಂಡ ಬೇರಾಗಿ ತಿರುಗುವ ಜಾಗದಲ್ಲಿ, ಮಣ್ಣಿನ ಮಟ್ಟಕ್ಕೆ ಸ್ವಲ್ಪ ಮೇಲೆ ಕೆಳಗೆ, ಅದರ ಮೊಗ್ಗುಗಳೆಲ್ಲ ನಿದ್ದೆ ಹೊಡೆಯುತ್ತಿರುತ್ತವೆ. ಮೇಲಿನದನ್ನು ಕಡಿದದ್ದೇ ತಡ, ಅವೆಲ್ಲ ಒಟ್ಟಿಗೇ ಏಳುತ್ತವೆ. ಜೂನಿನ ಮಳೆ ಹಿಡಿದ ಮೂರನೆಯ ವಾರದಲ್ಲಿ ದಣಪೆಯ ಪಕ್ಕದ ಒಂದು ಕೂಳೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಎಣಿಸಿದೆ: ಮೊದಲು ಮೂರು ಕೋಲು ಇದ್ದಲ್ಲಿ ಹದಿನಾಲ್ಕು ಚಿಗುರು. ಸಾಲದ್ದಕ್ಕೆ, ಕೊಚ್ಚಿ ಅಲ್ಲೇ ಬಿಟ್ಟಿದ್ದ ದಪ್ಪ ಕೋಲುಗಳಲ್ಲಿ ಕೆಲವು ಒದ್ದೆ ಮಣ್ಣಿಗೆ ಒರಗಿದಲ್ಲೇ ಬೇರು ಇಳಿಸಿದ್ದವು.

ದೀಪಾವಳಿಯ ಹೊತ್ತಿಗೆ ಪೊದೆ ಸೊಂಟದೆತ್ತರಕ್ಕೆ ಬಂದಿತ್ತು. ಮರುವರ್ಷ ಮತ್ತೆ ಹೊಡೆಸಿದೆ, ಎರಡು ಸಲ. ಈಗ ಕೂಳೆಗಳ ತಲೆ ಗಂಟುಗಂಟಾಗಿ, ಮುಷ್ಟಿಯಷ್ಟು ದಪ್ಪವಾಗಿ, ಅಲಗು ಇಟ್ಟರೆ ಯಂತ್ರವೇ ಹಿಂದಕ್ಕೆ ಒದೆಯುತ್ತಿತ್ತು. ಮೂವತ್ತು ವರ್ಷದಿಂದ ನಮ್ಮಲ್ಲಿ ಕೆಲಸಕ್ಕೆ ಬರುವ ಹಿರಿಯರು ಅದನ್ನು ನೋಡಿ, ‘ಇದು ಕಳೆ ತೆಗ್ದಂಗಲ್ಲ ಗೌಡ್ರೇ, ತಲೆ ಬೋಳ್ಸಿದಂಗೆ. ಬೋಳ್ಸಿದಷ್ಟೂ ಕೂದ್ಲು ದಪ್ಪ ಬತ್ತದೆ’ ಎಂದರು. ಸಿಟ್ಟು ಬಂತು, ಉತ್ತರ ಬರಲಿಲ್ಲ.

ಇನ್ನೊಂದು ವಿಷಯ ಯಂತ್ರದ ತಪ್ಪಲ್ಲ, ನನ್ನದು. ಒಣ ಕೋಲು ಸಲೀಸಾಗಿ ತುಂಡಾಗುತ್ತದೆಂದು ಏಪ್ರಿಲ್ ಆರಿಸಿಕೊಂಡಿದ್ದೆ, ಆದರೆ ಅದು ರಕ್ತ ಹೀರುವ ಉಣುಗಿನ ಕಾಲ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಇವೇ ಉಣುಗುಗಳು. ಅಂಥ ದಿನಗಳಲ್ಲಿ ಆಳುಗಳನ್ನು ಪೊದೆಯೊಳಗೆ ನುಗ್ಗಿಸಿ, ಕೈಕಾಲಿಗೆ ಉಣುಗು ಹತ್ತದಂತೆ ಡೆಪಾ ತೈಲ ಹಚ್ಚಿಸಿ ನಿಭಾಯಿಸಿದೆನೆಂದು ಸಮಾಧಾನ ಪಟ್ಟುಕೊಂಡದ್ದು ಬುದ್ಧಿವಂತಿಕೆಯಲ್ಲ.

ಪಿಕಾಸಿಯ ವಿಧಾನವನ್ನು ನಾನು ಕಂಡುಹಿಡಿದದ್ದಲ್ಲ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಮಾಡಿ ತೋರಿಸಿದ್ದು. ಇಡೀ ಬೇರು ಕೀಳಬೇಕಿಲ್ಲ, ಗುಂಡಿ ತೋಡಬೇಕಿಲ್ಲ. ಒಬ್ಬರು ಕವೆಗೋಲಿನಿಂದ ಪೊದೆಯನ್ನು ಪಕ್ಕಕ್ಕೆ ಒತ್ತಿ ಹಿಡಿಯುತ್ತಾರೆ. ಇನ್ನೊಬ್ಬರು ಬುಡದ ಮಣ್ಣು ಕೆದರಿ, ಎರಡು ಮೂರು ಬೆರಳು ಆಳದಲ್ಲಿ ತಾಯಿಬೇರಿಗೆ ಓರೆಯಾಗಿ ಏಟು ಹಾಕುತ್ತಾರೆ. ಎರಡನೆಯ ಇಲ್ಲವೇ ಮೂರನೆಯ ಏಟಿಗೆ ಬೇರು ತುಂಡಾಗಿ ಪೊದೆ ಒಮ್ಮೆಲೇ ಹಗುರವಾಗುತ್ತದೆ. ಹಿಡಿದ ಕೈಗೆ ಅದು ಗೊತ್ತಾಗುತ್ತದೆ. ಆಮೇಲೆ ಎತ್ತಿ, ಬುಡ ಮೇಲೆ ಮಾಡಿ, ಬಂಡೆಯ ಮೇಲೋ ಪೊದೆಯ ರಾಶಿಯ ಮೇಲೋ ಒಣಗಲು ಬಿಟ್ಟರೆ ಸಾಕು. ನೆಲದಲ್ಲಿ ಉಳಿದ ಬೇರಿಗೆ ಮೊಗ್ಗಿಲ್ಲ, ಚಿಗುರುವುದಿಲ್ಲ. ಒಣಗಿದ ನೀಳ ಕೋಲುಗಳು ಅವರೆ ಚಪ್ಪರಕ್ಕೆ ಆದವು.

ಇದಕ್ಕೆ ಹದವಾದ ಕಾಲ ಮಹಾಲಯ ಅಮಾವಾಸ್ಯೆಯಿಂದ ಭೂಮಿ ಹುಣ್ಣಿಮೆಯವರೆಗಿನ ಹದಿನೈದು ದಿನ. ಮಳೆ ಇಳಿದಿರುತ್ತದೆ, ನೆಲ ಇನ್ನೂ ಮೆತ್ತಗಿರುತ್ತದೆ, ಉಣುಗು ಕಡಿಮೆ, ಅಡಿಕೆ ಕೊಯ್ಲಿಗೆ ಆಳುಗಳು ಹಂಚಿಹೋಗಿರುವುದಿಲ್ಲ. (ಭೂಮಿಗೆ ಬಯಕೆ ಬಡಿಸುವ ಹುಣ್ಣಿಮೆಯ ದಿನ ನಮ್ಮ ಮನೆಯಲ್ಲಿ ಪಿಕಾಸಿ ಮುಟ್ಟುವಂತಿಲ್ಲ.) ಹೋದ ವರ್ಷ ಇಬ್ಬರು ಎಂಟು ದಿನ ದುಡಿದು ಒಂದು ಎಕರೆ ಮುಗಿಸಿದರು, ತಲಾ 650 ರೂಪಾಯಿಯಂತೆ 10,400. ಕೈ ತುಂಬ ಗೀರು, ಸೊಂಟ ನೋವು, ನಿಧಾನ, ಇವು ಮೂರೂ ಇದರ ದೋಷಗಳು.

ಕಳೆ ಸಾಯಿಸುವ ಔಷಧಿಯನ್ನು ಯಂತ್ರಕ್ಕೂ ಮೊದಲು ಬೇಲಿಸಾಲಿನಲ್ಲಿ ಪರೀಕ್ಷಿಸಿದ್ದೆ. ಗ್ಲೈಫೋಸೇಟ್ ಸಿಂಪಡಿಸಿದ ಲಾಂಟಾನ ಎಲೆ ಉದುರಿಸಿ ಮುಂದಿನ ಮಳೆಗೆ ಬುಡದಿಂದ ಚಿಗುರಿತು, ಅದರ ಅಡಿಯ ಹುಲ್ಲು ಚಿಗುರಲಿಲ್ಲ. ಬೆಟ್ಟದ ನೀರೆಲ್ಲ ತೋಟದ ಕಪ್ಪಿಗೆ (ಬಸಿಗಾಲುವೆಗೆ) ಇಳಿದು ಹಳ್ಳ ಸೇರುತ್ತದೆ, ಮೇಲಾಗಿ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವೇ ಗ್ಲೈಫೋಸೇಟ್ ಬಳಕೆಯನ್ನು ವೃತ್ತಿಪರ ಕೀಟ ನಿಯಂತ್ರಕರಿಗೆ ಸೀಮಿತಗೊಳಿಸಿ ಆದೇಶ ಹೊರಡಿಸಿತು. ಜೆಸಿಬಿ ಮಾತು ಬೇಡ; ಲಾಂಟಾನದೊಂದಿಗೆ ನೆಲ್ಲಿಯ ಸಸಿಯೂ ಮೇಲ್ಮಣ್ಣೂ ಹೋಗುತ್ತವೆ. 1984ರಲ್ಲಿ ಬೆಂಗಳೂರಿನಲ್ಲಿ ಪಾರ್ಥೇನಿಯಂ ಮೇಲೆ ಮೆಕ್ಸಿಕನ್ ಜೀರುಂಡೆ ಬಿಟ್ಟಂತೆ ಇದಕ್ಕೂ ಒಂದು ಹುಳ ಬಿಡಬಾರದೇ ಎಂದು ನೆಂಟರೊಬ್ಬರು ಕೇಳುತ್ತಿರುತ್ತಾರೆ. ಲಾಂಟಾನ ತಿನ್ನುವ ಕೀಟಗಳನ್ನೂ ತಂದು ನೋಡಿದ್ದಾರೆ, ನಮ್ಮ ಪೊದೆಗಳಿಗೆ ಅದರ ಸುದ್ದಿ ತಲುಪಿದಂತಿಲ್ಲ.

ಹಾಗೆಂದು ಯಂತ್ರವನ್ನು ಮಾರಿಲ್ಲ. ಲಾಂಟಾನ ತೆಗೆದ ಜಾಗಕ್ಕೆ ಮೊದಲು ನುಗ್ಗಿದ್ದು ಕಮ್ಯುನಿಸ್ಟ್ ಗಿಡ, ಅಂದರೆ ಯುಪಟೋರಿಯಂ. ಅದರ ಕಾಂಡ ಮೆದು, ಹೂ ಬಿಡುವ ಮೊದಲು ಒಂದು ಸಲ ಹೊಡೆದರೆ ಆ ವರ್ಷದ ಬೀಜ ತಪ್ಪುತ್ತದೆ. ಅಲ್ಲಿ ಪಿಕಾಸಿ ಹಿಡಿದು ಕೂರುವುದು ದಡ್ಡತನ. ತೋಟದ ಹುಲ್ಲಿಗೂ ಯಂತ್ರವೇ ಸರಿ.

ನಾನು ಊರಿನಲ್ಲೇ ಇರುವವನು, ದಿನಕ್ಕೊಮ್ಮೆ ಬೆಟ್ಟ ಹತ್ತುವವನು, ಆದ್ದರಿಂದ ಪಿಕಾಸಿ ನನಗೆ ಹೊಂದಿತು. ಬೆಂಗಳೂರಿನಲ್ಲಿದ್ದು ಹಬ್ಬಕ್ಕೆ ಬಂದುಹೋಗುವವರಿಗೆ ಹೊಂದುವುದು ಕಷ್ಟ, ಏಕೆಂದರೆ ಬುಡ ತೆಗೆದ ಮೇಲೂ ಮಣ್ಣಿನಲ್ಲಿ ಬೀಜ ಇರುತ್ತದೆ, ಪಿಕಳಾರ ಹಕ್ಕಿಗಳು ಹೊಸದನ್ನು ತಂದು ಉದುರಿಸುತ್ತವೆ. ಅವು ಕೂರುವ ಮರ ಯಾವುದೆಂದು ನೋಡಿಟ್ಟುಕೊಂಡರೆ ಅರ್ಧ ಕೆಲಸ ಹಗುರ. ನಮ್ಮಲ್ಲಿ ಅದು ದಣಪೆಯ ಮೇಲಿನ ದೊಡ್ಡ ಮತ್ತಿ ಮರ. ಈ ಮಳೆಗಾಲದಲ್ಲಿ ಸೊಪ್ಪಿಗೆ ಹೋಗಿ ಬರುವಾಗಲೆಲ್ಲ ಅದರ ಅಡಿಯಲ್ಲಿ ಬಗ್ಗಿ, ಗೇಣುದ್ದದ ಸಸಿಗಳನ್ನು ಬೆರಳಿನಿಂದಲೇ ಕಿತ್ತಿದ್ದೇನೆ. ಜುಲೈಯಲ್ಲಿ ದಿನಕ್ಕೆ ಒಂದು ಹಿಡಿ ಆಗುತ್ತಿತ್ತು, ಈಗ ವಾರಕ್ಕೆ ನಾಲ್ಕೈದು.