ಸಾಲ್ಸ್‌ಬರಿಗೆ ಹೋಗುವವರೇ, ರೂಮು ಯಾವ ದೇಶದಲ್ಲಿದೆ ನೋಡಿಕೊಳ್ಳಿ

ಲಂಡನ್ನಿನಿಂದ ಸ್ಟೋನ್‌ಹೆಂಜ್ ಎಂಬ ಪುರಾತನ ಕಲ್ಲುಕಂಬಗಳ ವೃತ್ತ ನೋಡಲು ಹೋಗುವವರು ಬಹಳ ಮಂದಿ ಸಾಲ್ಸ್‌ಬರಿಯಲ್ಲಿ ಉಳಿಯುತ್ತಾರೆ. ನಾನು, ನಮ್ಮನೆಯವರು, 72 ವರ್ಷದ ಅಮ್ಮ ಹಾಗೇ ಹೊರಟೆವು. ವಾಟರ್‌ಲೂ ಸ್ಟೇಷನ್ನಿನಿಂದ ಸುಮಾರು ಒಂದೂವರೆ ಗಂಟೆ ರೈಲು.

ಇಳಿದು ಟ್ಯಾಕ್ಸಿಯವರಿಗೆ ಬುಕಿಂಗ್ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಓದಿದರು, ವಿಳಾಸದ ಕೊನೇ ಸಾಲಿನ ಮೇಲೆ ಬೆರಳಿಟ್ಟು ಮೊಬೈಲನ್ನು ನನ್ನ ಕಡೆಗೇ ತಿರುಗಿಸಿದರು. 'ಎಂಡಿ 21801' ಅಂತಿತ್ತು. ಎಂಡಿ ಅಂದರೆ ಮೇರಿಲ್ಯಾಂಡ್. ಎರಡು ರಾತ್ರಿಯ ದುಡ್ಡು ಪೂರ್ತಿ ಕಟ್ಟಿ ನಾನು ರೂಮು ಹಿಡಿದಿದ್ದು ಅಮೆರಿಕದ ಸಾಲ್ಸ್‌ಬರಿಯಲ್ಲಿ!

ಮೊದಲ ನಾಲ್ಕು ಅಕ್ಷರ ಒತ್ತುತ್ತಲೇ ಆ್ಯಪ್ ತೋರಿಸಿದ ಹೆಸರನ್ನು ಮುಟ್ಟಿದ್ದೆ. ದೇಶದ ಹೆಸರು ಅದರ ಕೆಳಗೆ ಸಣ್ಣ ಬೂದು ಅಕ್ಷರದಲ್ಲಿತ್ತು. ಬೆಂಗಳೂರಿನಲ್ಲಿ ಹಾಕಿಕೊಂಡ ಆ್ಯಪ್ ಆದ್ದರಿಂದ ಬೆಲೆಯೆಲ್ಲ ರೂಪಾಯಿಯಲ್ಲೇ. ಪೌಂಡೋ ಡಾಲರೋ ಕಂಡಿದ್ದರೆ ಆಗಲೇ ಅನುಮಾನ ಬರುತ್ತಿತ್ತು. ನಾರ್ತ್ ಕೆರೊಲಿನಾದಲ್ಲೂ ಒಂದು ಸಾಲ್ಸ್‌ಬರಿ ಇದೆ, ಆಸ್ಟ್ರೇಲಿಯಾದ ಅಡಿಲೇಡ್ ಹತ್ತಿರ ಇನ್ನೊಂದು. ಜಿಂಬಾಬ್ವೆಯ ಹರಾರೆಗೂ 1982ರವರೆಗೆ ಇದೇ ಹೆಸರು.

ಮಂಡಿನೋವಿನ ಅಮ್ಮ ಸ್ಟೇಷನ್ ಬೆಂಚಿನ ಮೇಲೆ ಸೂಟ್‌ಕೇಸು ಹಿಡಿದು ಕೂತಿದ್ದರು. ಏನಾಯಿತು ಅಂತ ಒಂದು ಮಾತೂ ಕೇಳಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಶನಿವಾರದ ಸಂಜೆ, ಕಂಡ ಹೋಟೆಲೆಲ್ಲ ಭರ್ತಿ. ಕೊನೆಗೆ ಎರಡರಷ್ಟು ಕೊಟ್ಟು ರೂಮು ಹಿಡಿದೆವು.

ಊರಿನದೇನೂ ತಪ್ಪಿಲ್ಲ. ಮರುದಿನ ಕೆಥೆಡ್ರಲ್ ನೋಡಿದೆವು. ಶಿಖರವೇ 123 ಮೀಟರ್, ಇಡೀ ಬ್ರಿಟನ್ನಿನಲ್ಲಿ ಅಷ್ಟೆತ್ತರದ ಚರ್ಚಿನ ಶಿಖರ ಇನ್ನೊಂದಿಲ್ಲ. ಇಂಗ್ಲೆಂಡಿನ ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಮ್ಯಾಗ್ನಾ ಕಾರ್ಟಾ ಹಕ್ಕುಪತ್ರದ ಉಳಿದಿರುವ ನಾಲ್ಕು ಪ್ರತಿಗಳಲ್ಲಿ ಒಂದು ಅಲ್ಲಿದೆ. ಒಳಗಿನ ಹಳೇ ಗಡಿಯಾರಕ್ಕೆ ಮುಳ್ಳೂ ಇಲ್ಲ, ಮುಖವೂ ಇಲ್ಲ, ಗಂಟೆ ಬಾರಿಸುವುದಷ್ಟೇ ಅದರ ಕೆಲಸ. ಅಮ್ಮ ಅದರ ಮುಂದೆ ಬಹಳ ಹೊತ್ತು ನಿಂತಿದ್ದರು.

ದುಡ್ಡು ಕಟ್ಟುವ ಮುಂಚೆ ಪಿನ್‌ಕೋಡ್ ನೋಡಿ. ಇಂಗ್ಲೆಂಡಿನ ಸಾಲ್ಸ್‌ಬರಿಯದ್ದು 'ಎಸ್‌ಪಿ' ಅಂತ ಶುರುವಾಗುತ್ತದೆ. ಬರೀ ಐದು ಅಂಕಿ ಇದ್ದರೆ ಅದು ಅಮೆರಿಕ, ನಾಲ್ಕಿದ್ದರೆ ಆಸ್ಟ್ರೇಲಿಯಾ. ಮ್ಯಾಪ್ ತೆರೆದು ಹೋಟೆಲಿಂದ ಕೆಥೆಡ್ರಲ್‌ಗೆ ಎಷ್ಟು ದೂರ ಅಂತಲೂ ನೋಡಿ. ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ, ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥ ರೂಮನ್ನೇ ಹಿಡಿಯಿರಿ. ನನ್ನ 18,600 ರೂಪಾಯಿ ಇನ್ನೂ ಬಂದಿಲ್ಲ. ಮೇರಿಲ್ಯಾಂಡಿನ ಹೋಟೆಲಿನವರು ಪಾಪ, ಕೊಡಲು ನಮ್ಮ ಅಭ್ಯಂತರವಿಲ್ಲ ಅಂತ ಬರೆದುಕೊಟ್ಟಿದ್ದಾರೆ. ಆ್ಯಪಿನವರು ಮಾತ್ರ ಆರು ವಾರದಿಂದ 'ಪರಿಶೀಲನೆಯಲ್ಲಿದೆ' ಅನ್ನುತ್ತಿದ್ದಾರೆ.