25 ಮೈಕ್ರಾನ್ ಎಂದು ಬರೆದ ಮಲ್ಚಿಂಗ್ ಶೀಟ್: ಒಂದು ಬೇಸಗೆಯ ಲೆಕ್ಕ

ಡಿಸೆಂಬರ್‌ನಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ನಮ್ಮ ಗದ್ದೆಯಲ್ಲಿ ಬಚ್ಚಂಗಾಯಿ (ಕಲ್ಲಂಗಡಿ) ಹಾಕಲೆಂದು ಪೇಟೆಯಿಂದ ಒಂದು ಸುರುಳಿ ಮಲ್ಚಿಂಗ್ ಶೀಟ್ ತಂದೆ: ಕಳೆ ಬರದಂತೆ, ತೇವ ಆರದಂತೆ ಮಣ್ಣಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ. ಮೇಲೆ ಬೆಳ್ಳಿ ಬಣ್ಣ, ಕೆಳಗೆ ಕಪ್ಪು. ಅಗಲ 1.2 ಮೀಟರ್, ಉದ್ದ 400 ಮೀಟರ್, ದಪ್ಪ 25 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಎಂದು ಚೀಟಿ ಹೇಳುತ್ತಿತ್ತು. ಕೊಟ್ಟದ್ದು 1,950 ರೂಪಾಯಿ. ಕಂಪನಿಯ ಹೆಸರೂ ಅಂಗಡಿಯ ಹೆಸರೂ ಇಲ್ಲಿ ಬೇಡ.

ಮೆಚ್ಚಬೇಕಾದದ್ದನ್ನು ಮೊದಲು ಹೇಳುತ್ತೇನೆ. ಹಿಂದಿನ ವರ್ಷ ಎರಡು ಸಲ ಕಳೆ ಕೀಳಿಸಿದ್ದೆ. ಈ ಸಲ ಆಳಿನ ಖರ್ಚೇ ಇಲ್ಲ. ದಿನವೂ ಬಿಡುತ್ತಿದ್ದ ನೀರನ್ನು ದಿನ ಬಿಟ್ಟು ದಿನ ಬಿಟ್ಟರೂ ಬಳ್ಳಿ ಬಾಡಲಿಲ್ಲ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನೇ ನಂಬಿದವನಿಗೆ ಇದು ಸಣ್ಣ ಲಾಭವಲ್ಲ. ಕಾಯಿಗೆ ಮಣ್ಣೂ ಹತ್ತಲಿಲ್ಲ.

ಪಜೀತಿ ಶುರುವಾದದ್ದು ಏಪ್ರಿಲ್‌ನಲ್ಲಿ, ಶೀಟ್ ತೆಗೆಯುವಾಗ. ಬಿಸಿಲು ತಿಂದ ಮೇಲ್ಭಾಗ ಸುಟ್ಟ ಹಪ್ಪಳದಂತೆ ಕೈಯಲ್ಲೇ ಮುರಿಯಿತು. ಮಣ್ಣಿನಲ್ಲಿ ಹೂತಿದ್ದ ಅಂಚು ಎಳೆದರೆ ತುಂಡಾಗಿ ಅಲ್ಲೇ ಉಳಿಯಿತು. ಮೂವತ್ತು ವರ್ಷ ಗಣಿತ ಪಾಠ ಮಾಡಿದವನು ನಾನು. ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ. 50 ಮೀಟರಿನ ಏಳು ಸಾಲಿಗೆ ಹಾಸಿ 50 ಮೀಟರ್ ಮಿಕ್ಕಿತ್ತು. ಅದನ್ನು ಅಡಿಕೆ ತೂಗುವ ತಕ್ಕಡಿಗೆ ಹಾಕಿದೆ. ಪಾಲಿಥೀನಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.92 ಗ್ರಾಂ. ನಿಜಕ್ಕೂ 25 ಮೈಕ್ರಾನ್ ಇದ್ದರೆ 60 ಚದರ ಮೀಟರ್ ಶೀಟ್ 1 ಕಿಲೋ 380 ಗ್ರಾಂ ತೂಗಬೇಕು. ತೂಗಿದ್ದು 1 ಕಿಲೋ 100 ಗ್ರಾಂ. ಅಂದರೆ ದಪ್ಪ 20 ಮೈಕ್ರಾನ್ ಮಾತ್ರ.

ಗದ್ದೆಯಿಂದ ಕಿತ್ತ ಒಂದು ಸಾಲಿನ ಶೀಟನ್ನು ತೊಟ್ಟಿಯಲ್ಲಿ ತೊಳೆದು, ನೀರನ್ನು ಬಟ್ಟೆಯಲ್ಲಿ ಸೋಸಿ, ಒಣಗಿಸಿ ತೂಗಿದೆ: 900 ಗ್ರಾಂ. ಅದೂ 50 ಮೀಟರೇ, 1,100 ಗ್ರಾಂ ಇರಬೇಕಿತ್ತು. ಸಸಿಗೆಂದು ಕತ್ತರಿಸಿದ ಬಿಲ್ಲೆಗಳು ಹತ್ತು ಗ್ರಾಮೂ ಇರಲಾರವು. ಉಳಿದ 190 ಗ್ರಾಂ ಎಲ್ಲಿ? ಏಳು ಸಾಲಿಗೆ ಗುಣಿಸಿದರೆ ಒಂದು ಕಿಲೋ ಮುನ್ನೂರು ಗ್ರಾಂ ದಾಟುತ್ತದೆ. ಜೂನ್‌ನಲ್ಲಿ ಟಿಲ್ಲರ್ ಇಳಿಸಿದಾಗ ಉತ್ತರ ಕಾಣಿಸಿತು. ಕೆಸರಿನ ತುಂಬ ಬೆಳ್ಳಿಯ ಚೂರುಗಳು. “ಗದ್ದೆಗೆ ಜರಿ ಹಾಕಿಸಿದಿರಾ?” ಎಂದು ಮನೆಯವಳು ಕೇಳಿದಳು. ಇವು ಕಣ್ಣಿಗೆ ಬಿದ್ದವು. 5 ಮಿಲಿಮೀಟರಿಗಿಂತ ಚಿಕ್ಕವಾದರೆ ಅವಕ್ಕೆ ಮೈಕ್ರೋಪ್ಲಾಸ್ಟಿಕ್ ಎಂಬ ಹೆಸರು. ಆಗ ಹೆಕ್ಕುವ ಮಾತೇ ಇಲ್ಲ. ಎರೆಹುಳುಗಳೇ ಅವನ್ನು ಬಿಲದ ದಾರಿಯಲ್ಲಿ ಆಳಕ್ಕೆ ಒಯ್ಯುತ್ತವೆ.

ಅಂಗಡಿಗೆ ಹೋಗಿ ಕೇಳಿದೆ. “ಮಾಷ್ಟ್ರೇ, ಮೈಕ್ರಾನ್ ಯಾರು ಅಳೆಯುತ್ತಾರೆ?” ಎಂದರು. ಅಡಿಕೆ ಬೆಳೆಯುವ ಊರಿನಲ್ಲಿ, ಮನೆಗೊಂದು ತಕ್ಕಡಿ ಇರುವವರ ಮುಂದೆ, ಈ ಪ್ರಶ್ನೆ ಕೇಳಬಾರದಿತ್ತು. ಹಳೆಯ ಶೀಟ್ ವಾಪಸು ತೆಗೆದುಕೊಳ್ಳುವ ಕ್ರಮವೂ ಅವರಲ್ಲಿಲ್ಲ. ಮನೆಮನೆಯಿಂದ ಪ್ಲಾಸ್ಟಿಕ್ ಒಯ್ಯುವ ಹೆಂಗಸರು ತೊಳೆದು ಒಣಗಿಸಿದ್ದನ್ನು ಮಾತ್ರ ಕೇಳುತ್ತಾರೆ, ಅದು ನ್ಯಾಯವೇ. ಕೆಸರು ಮೆತ್ತಿದ ಏಳು ಸಾಲನ್ನು ತೊಳೆಯುವವರು ಯಾರು?

ಆಮೇಲೆ ಅವರು ದುಬಾರಿಯದೊಂದು ಸುರುಳಿ ತೋರಿಸಿ, “ಇದು ಮಣ್ಣಿನಲ್ಲಿ ಕರಗುತ್ತದೆ” ಎಂದರು. ಚೀಟಿಯಲ್ಲಿ ಇದ್ದದ್ದು ಐಎಸ್‌ಒ 17088 ಎಂಬ ಅಂತರರಾಷ್ಟ್ರೀಯ ಮಾನದಂಡದ ಸಂಖ್ಯೆ. ಅದು ಗೊಬ್ಬರ ತಯಾರಿಕಾ ಘಟಕದಲ್ಲಿ ಕೊಳೆಯುವ ಪ್ಲಾಸ್ಟಿಕ್ಕಿನ ಮಾನದಂಡ. ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಬಿಸಿಯಲ್ಲಿ. ನಮ್ಮ ಗದ್ದೆಯ ಮಣ್ಣು ಅಷ್ಟು ಕುದಿಯುವುದಿಲ್ಲ. ಹೊಲಕ್ಕೆ ಹಾಸುವ ಶೀಟಿಗೆಂದೇ ಯುರೋಪಿನಲ್ಲಿ 2018ರಲ್ಲಿ ಇಎನ್ 17033 ಎಂಬ ಮಾನದಂಡ ಬಂದಿದೆ: ಮಣ್ಣಿನಲ್ಲೇ, ಎರಡು ವರ್ಷದೊಳಗೆ, ಶೇ. 90ರಷ್ಟು ಕೊಳೆಯಬೇಕು. ಆ ಸಂಖ್ಯೆ ಇರುವುದನ್ನು ತರಿಸಿಕೊಡಿ ಎಂದೆ. ಫೋನ್ ಮಾಡುತ್ತೇವೆ ಎಂದಿದ್ದಾರೆ, ಇನ್ನೂ ಬಂದಿಲ್ಲ.

ಬೆಳೆಗೆ ನಾಲ್ಕು ಅಂಕ, ಮಣ್ಣಿಗೆ ಒಂದು, ಚೀಟಿಯ ಪ್ರಾಮಾಣಿಕತೆಗೆ ಸೊನ್ನೆ. ಕೊಳ್ಳಲೇಬೇಕಾದವರು ಅಂಗಡಿಯಲ್ಲೇ ಸುರುಳಿ ತೂಗಿಸಿ: ಈ ಅಳತೆಯ 25 ಮೈಕ್ರಾನ್ ಶೀಟ್ 11 ಕಿಲೋ ಇರಬೇಕು. ಬಿಸಿಲು ಇನ್ನಷ್ಟು ಏರುವ ಮೊದಲೇ, ಕಡೆಯ ಕಾಯಿ ಕೊಯ್ದ ವಾರವೇ ತೆಗೆಯಿರಿ. ನಾನು ಬರುವ ಬೇಸಗೆಗೆ ಬೈಹುಲ್ಲು, ತರಗೆಲೆ ಹಾಸುತ್ತೇನೆ. ಕಳೆಗೆ ಮತ್ತೆ ಆಳು ಹುಡುಕಬೇಕು, ಗೊತ್ತಿದೆ. ಮಿಕ್ಕ 50 ಮೀಟರ್ ಅಟ್ಟದಲ್ಲಿದೆ. ನಂಬಿಕೆಯಿಲ್ಲದವರು ಬಂದು ತೂಗಿ ನೋಡಬಹುದು.