ಹಂಪಿಗೆ ವಿಮಾನ: ವಿದ್ಯಾನಗರವೋ, ಹುಬ್ಬಳ್ಳಿಯೋ?

ನಕ್ಷೆ ನೋಡಿದರೆ ಪ್ರಶ್ನೆಯೇ ಏಳುವುದಿಲ್ಲ. ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿರುವ ವಿದ್ಯಾನಗರ ನಿಲ್ದಾಣದಿಂದ ಹಂಪಿಗೆ ಸುಮಾರು 40 ಕಿ.ಮೀ. ಹುಬ್ಬಳ್ಳಿಯಿಂದಾದರೆ 160 ಕಿ.ಮೀ. ದಾಟುತ್ತದೆ, ಕಾರಿನಲ್ಲಿ ಮೂರು ತಾಸು ಬೇಕು.

ಆದರೆ ವಿದ್ಯಾನಗರಕ್ಕೆ ಬರುವುದು ಬೆರಳೆಣಿಕೆಯ ಸಣ್ಣ ವಿಮಾನಗಳು. ವಿಮಾನದ ಬಾಗಿಲಿಗೇ ಸೇರಿಸುವ ಏರೋಬ್ರಿಡ್ಜ್ ಇಲ್ಲ, ಬಿಸಿಲಲ್ಲಿ ನಡೆದೇ ಮೆಟ್ಟಿಲು ಹತ್ತಬೇಕು. ಎಟಿಆರ್ (ಪ್ರೊಪೆಲ್ಲರಿನ ಸಣ್ಣ ವಿಮಾನ) ಆದರೆ ಹತ್ತುವುದು ಹಿಂಬಾಗಿಲಿನಿಂದ, ತಲೆಯ ಮೇಲಿನ ಗೂಡಿನಲ್ಲಿ ದೊಡ್ಡ ಟ್ರಾಲಿ ಹಿಡಿಸುವುದಿಲ್ಲ. ತಪಾಸಣೆ ಮಾತ್ರ ಬೇಗ ಮುಗಿಯುತ್ತದೆ. ಬೆಂಗಳೂರಿನ ಸಾಲುಗಳನ್ನು ಕಂಡವರಿಗೆ ಇದೇ ದೊಡ್ಡ ಸುಖ. ಊಟಕ್ಕೆ ನಿಲ್ದಾಣವನ್ನು ನಂಬಬೇಡಿ. ಟ್ಯಾಕ್ಸಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ನಿಜವಾದ ತೊಡಕು ವಿಮಾನ ರದ್ದಾದಾಗ. ಸಂಜೆಗೆ ಇನ್ನೊಂದು ಇರುತ್ತದೆ ಎನ್ನುವಂತಿಲ್ಲ. ವೇಳಾಪಟ್ಟಿಯೂ ಆಗಾಗ ಬದಲಾಗುತ್ತದೆ. ಆಗ ತೋರಣಗಲ್ಲಿನ ರೈಲು ನಿಲ್ದಾಣವೇ ಗತಿ.

ಹುಬ್ಬಳ್ಳಿಯಲ್ಲಿ ಏರ್‌ಬಸ್ ಎಂಬ ದೊಡ್ಡ ವಿಮಾನ ಇಳಿಯುತ್ತದೆ, ಆಯ್ಕೆ ಹೆಚ್ಚು, ಹೊಸಪೇಟೆಗೆ ಬಸ್ಸು, ರೈಲು ಎರಡೂ ಇವೆ.

ಹೋಗುವಾಗ ವಿದ್ಯಾನಗರ ಹಿಡಿಯಿರಿ. ಮರಳುವಾಗ ಮುಂದೆ ವಿದೇಶದ ವಿಮಾನ ಕಾದಿದ್ದರೆ ನಾನು ಹುಬ್ಬಳ್ಳಿಯನ್ನೇ ಆರಿಸುತ್ತೇನೆ.